ರೇವವ್ವನ ಕಡೆಯ ಫೋಟೋ

ಬಸಣ್ಣ ಕ್ಯಾಮರಾದ ತಳದ ಸಣ್ಣ ಮುಚ್ಚಳ ತಿರುಗಿಸಿ ಬ್ಯಾಟರಿ ತೆಗೆದ. ಅದನ್ನು ನಾಲಿಗೆಯ ತುದಿಗೆ ತಾಗಿಸಿ, ಮುಖ ಸಿಂಡರಿಸಿ, ಅಂಗಿಯ ಅಂಚಿಗೆ ಒರೆಸಿ ಮತ್ತೆ ಒಳಗೆ ಕೂರಿಸಿದ. ಎದುರಿನ ಸ್ಟೂಲಿನ ಮೇಲೆ ಕುಳಿತ ಶಂಕ್ರಪ್ಪ ಅವನ ಬೆರಳುಗಳನ್ನೇ ನೋಡುತ್ತಿದ್ದ. ಏನಾದರೂ ಒಂದು ಕೆಟ್ಟಿರಲಿ, ಒಂದು ತಂತಿಯಾದರೂ ಹರಿದಿರಲಿ ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದ. ತನಗೆ ಅನ್ನ ಕೊಡುವ ಕ್ಯಾಮರಾ ಕೆಟ್ಟಿರಲಿ ಎಂದು ಬೇಡಿಕೊಳ್ಳುವ ಫೋಟೋಗ್ರಾಫರ್ ಇಡೀ ಜಿಲ್ಲೆಯಲ್ಲಿ ತಾನೊಬ್ಬನೇ ಇರಬೇಕು ಅನ್ನಿಸಿ ನಾಚಿಕೆಯೂ ಆಯಿತು. ಆದರೆ ಕ್ಯಾಮರಾ ಕೆಟ್ಟಿದ್ದರೆ ತಪ್ಪು ಕ್ಯಾಮರಾದ್ದು. ಕೆಟ್ಟಿಲ್ಲವೆಂದಾದರೆ, ಶಲವಡಿಯ ಸೊಸೆ ಗುರವ್ವ ಮೂರು ತಿಂಗಳಿಂದ ಗಂಡನ ಮನೆ ಬಿಟ್ಟು ತವರಿನಲ್ಲಿ ಕುಳಿತಿರುವುದಕ್ಕೆ ಯಾರು ಹೊಣೆ ಎಂಬ ಪ್ರಶ್ನೆ ನೇರವಾಗಿ ಅವನ ಸ್ಟೂಲಿನ ಬುಡಕ್ಕೇ ಬರುತ್ತಿತ್ತು. ಹುಬ್ಬಳ್ಳಿಯ ಆ ಗಲ್ಲಿಯಲ್ಲಿ ಏಪ್ರಿಲಿನ ಬಿಸಿಲು ಬೆಳಿಗ್ಗೆ ಹತ್ತಕ್ಕೇ ಏರಿತ್ತು. ಅಂಗಡಿಯ ಫ್ಯಾನು ತಿರುಗುತ್ತಿತ್ತೇ ಹೊರತು ಗಾಳಿ ಬರುತ್ತಿರಲಿಲ್ಲ.

"ಇದರಾಗ ಏನೂ ಇಲ್ರಿ," ಎಂದ ಬಸಣ್ಣ. "ಹ್ವಾದ ಸಲಾನೂ ಇದನ್ನ ಹೇಳೇನಿ, ಅದರ ಹಿಂದಿನ ಸಲಾನೂ ಇದನ್ನ ಹೇಳೇನಿ. ಮೀಟರ್ ಅಗದಿ ಬರೋಬರಿ ಐತಿ."

"ಒಮ್ಮೆ ಹಿಂಗ, ಒಮ್ಮೆ ಹಂಗ ಮಾಡತೈತ್ರಿ. ಮನಸಿಗೆ ಬಂದಂಗ."

"ಮಿಶಿನ್ನಿಗೆ ಎಲ್ಲೀ ಮನಸರಿ," ಎಂದು ಬಸಣ್ಣ ನಕ್ಕ. ಶಂಕ್ರಪ್ಪನಿಗೆ ನಗು ಬರಲಿಲ್ಲ.

ವರ್ಷದ ಕೆಳಗೆ ಮುಂಬಯಿಯಿಂದ ಬಂದವರೊಬ್ಬರ ಕಡೆಯಿಂದ ಕೊಂಡ ಕ್ಯಾಮರಾ ಅದು. ಜಪಾನಿನದು, ಆಟೋ. ಅಪ್ಪನ ಕಾಲದ ಪೆಟ್ಟಿಗೆಯ ಕ್ಯಾಮರಾದಲ್ಲೂ, ಆಮೇಲೆ ಶಂಕ್ರಪ್ಪನೇ ಹದಿನೈದು ವರ್ಷ ದುಡಿಸಿದ ಕ್ಯಾಮರಾದಲ್ಲೂ ಬೆಳಕನ್ನು ಅಂದಾಜು ಮಾಡುವುದು ಮನುಷ್ಯನ ಕೆಲಸವಾಗಿತ್ತು. ಬಿಸಿಲು ನೋಡಿ, ನೆರಳು ನೋಡಿ, ಹುಬ್ಬು ಗಂಟಿಕ್ಕಿ ಇಷ್ಟು ಎಂದು ತಿರುವಿ ಇಡುತ್ತಿದ್ದರು. ಇದರಲ್ಲಿ ಆ ರಗಳೆ ಇಲ್ಲ. ಲೆನ್ಸಿನಿಂದ ಬಂದ ಬೆಳಕನ್ನು ಕ್ಯಾಮರಾವೇ ಅಳೆದು, ಒಳಗಿನ ಪರದೆ ಎಷ್ಟು ಹೊತ್ತು ತೆರೆದಿರಬೇಕೆಂದು ತಾನೇ ತೀರ್ಮಾನಿಸುತ್ತದೆ. ಅಣ್ಣಿಗೇರಿಗೆ ಅಂಥದ್ದನ್ನು ಮೊದಲು ತಂದವನು ತಾನು ಎಂಬ ಹೆಮ್ಮೆಯಲ್ಲಿ ಸ್ಟುಡಿಯೋದ ಬೋರ್ಡಿಗೂ ಹೊಸ ಬಣ್ಣ ಹೊಡೆಸಿದ್ದ. ಮದುವೆಯ ಫೋಟೋಗಳು ಚೆಂದ ಬಂದವು. ಸ್ಟುಡಿಯೋದೊಳಗಿನವೂ ಚೆಂದ ಬಂದವು. ಆದರೆ ನಡುನಡುವೆ, ಯಾವ ಅಂದಾಜಿಗೂ ಸಿಗದ ಹಾಗೆ, ಒಂದೊಂದು ನೆಗೆಟಿವ್ ತೀರ ತೆಳ್ಳಗೆ ಬರುತ್ತಿತ್ತು. ಪ್ರಿಂಟ್ ಹಾಕಿದರೆ ಬರೀ ಮಸಿ. ಬ್ಯಾಟರಿ ಬದಲಿಸಿದ. ಬ್ಯಾಟರಿ ಕೂರುವ ಜಾಗವನ್ನು ಪೆನ್ಸಿಲಿನ ರಬ್ಬರಿನಿಂದ ತಿಕ್ಕಿದ. ಬಿಸಿಲಿಗೆ ಕಾಯುತ್ತದೆಯೇನೋ ಎಂದು ಒದ್ದೆ ಟವೆಲಿನಲ್ಲಿ ಸುತ್ತಿ ಒಯ್ದ. ಒದ್ದೆಯಿಂದಲೇ ಕೆಟ್ಟಿತೇನೋ ಎಂದು ಹೆದರಿ ಅಕ್ಕಿಯ ಡಬ್ಬಿಯಲ್ಲಿ ಹುಗಿದಿಟ್ಟ. ಅಕ್ಕಿಗೆ ಕೈ ಹಾಕಿದ ಹೆಂಡತಿ ಹೌಹಾರಿ ಚೀರಿದಳು. ಏನು ಮಾಡಿದರೂ ಮಸಿ ಬರುವುದು ತಪ್ಪಲಿಲ್ಲ, ಯಾವಾಗ ಬರುತ್ತದೆಂಬುದೂ ತಿಳಿಯಲಿಲ್ಲ.

ರೇವವ್ವನ ಫೋಟೋ ಹಾಗೆ ಮಸಿಯಾದವುಗಳಲ್ಲಿ ಒಂದು. ಸಂಕ್ರಾಂತಿ ಮುಗಿದ ವಾರ ಶಲವಡಿಯಿಂದ ಸೈಕಲ್ಲಿನ ಮೇಲೆ ಬಂದವನೊಬ್ಬ, ಮಡಿವಾಳೆಪ್ಪನ ತಾಯಿ ಹೋದಳು, ಕೂಡಲೇ ಬರಬೇಕು ಎಂದಿದ್ದ. ಅವರ ಮನೆತನದಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಅಂಗಳದಲ್ಲಿ ಬಾಳೆಕಂಬ ನಿಲ್ಲಿಸಿ ಚೆಂಡುಹೂವಿನ ಮಂಟಪ ಮಾಡಿದ್ದರು. ಅದರ ನೆರಳಿನಲ್ಲಿ ಖುರ್ಚಿಯ ಮೇಲೆ ರೇವವ್ವ, ಹಣೆಯ ತುಂಬ ವಿಭೂತಿ, ಕೊರಳಲ್ಲಿ ಹಾರ, ಬೆನ್ನ ಹಿಂದೆ ಪರದೆಯಾಗಿ ಒಂದು ಬಿಳಿ ಧೋತರ. ಬದುಕಿದ್ದಾಗ ಆಕೆ ಒಮ್ಮೆಯೂ ಫೋಟೋ ತೆಗೆಸಿಕೊಂಡವಳಲ್ಲ. ಮಣ್ಣಿಗೆ ಒಯ್ಯುವ ಮುಂಚೆ ಎಲ್ಲರೂ ಜೊತೆಗೆ ನಿಂತು ತೆಗೆಸಿಕೊಳ್ಳುವ ಇದೊಂದೇ ಆಕೆಯ ಫೋಟೋ. ಫ್ಲ್ಯಾಶ್ ಹೊಡೆದರೆ ವಿಭೂತಿ ಮಿಂಚಿ ಮುಖಕ್ಕೆ ಸುಣ್ಣ ಬಳಿದ ಹಾಗಾಗುತ್ತದೆಂದು ಶಂಕ್ರಪ್ಪ ಹಗಲಿನ ಬೆಳಕಿನಲ್ಲೇ ಎರಡು ಹೊಡೆದಿದ್ದ. ಎರಡೂ ಹಾಗೇ ಬಂದವು. ಮಂಟಪದ ಆಚೀಚೆ ಬಿಸಿಲಿನಲ್ಲಿ ನಿಂತ ಬಂಧುಗಳು ಹೇಗೋ ಗುರುತು ಸಿಗುತ್ತಿದ್ದರು. ನೆರಳಿನಲ್ಲಿದ್ದ ರೇವವ್ವನ ಮುಖ ಮಾತ್ರ ವಿಭೂತಿಯ ಕೆಳಗೆ ಇದ್ದಿಲಾಗಿತ್ತು.

ಮಡಿವಾಳೆಪ್ಪ ಪ್ರಿಂಟ್ ಒಯ್ಯಲು ಬಂದ ದಿನ ಸ್ಟುಡಿಯೋದಲ್ಲಿ ಮೊರಬದ ಇಬ್ಬರು ಹಿರಿಯರು ಕುಳಿತಿದ್ದರು. ಮೂರು ಮದುವೆ ಒಟ್ಟಿಗಿರುವ ದೊಡ್ಡ ಮನೆ, ಫೋಟೋ ಗೊತ್ತುಮಾಡಲು ಬಂದವರು. ಮಡಿವಾಳೆಪ್ಪ ಫೋಟೋ ಹಿಡಿದು ಬಾಗಿಲ ಬೆಳಕಿಗೆ ಹೋಗಿ ಬಹಳ ಹೊತ್ತು ನೋಡಿ, "ಅವ್ವನ ಮಾರಿ ಹಿಂಗ್ಯಾಕ ಆಗೇತ್ರಿ?" ಎಂದು ಕೇಳಿದ. ಜಗಳದ ದನಿಯಲ್ಲ, ಮಕ್ಕಳು ಕೇಳುವಂಥ ದನಿ. ಮೊರಬದವರು ಕತ್ತು ಹೊರಳಿಸಿ ನೋಡಿದರು. ಶಂಕ್ರಪ್ಪನ ಕಿವಿ ಬಿಸಿಯಾದವು. "ಮಾರಿ ಹೆಂಗಿತ್ತೋ ಹಂಗ ಬಂದೈತಿ," ಎಂದುಬಿಟ್ಟ. "ನನ್ನ ಕ್ಯಾಮರಾ ತನ್ನ ಕಡಿಂದ ಏನೂ ಹಚ್ಚಂಗಿಲ್ಲ." ಮೊರಬದವರು ತಲೆದೂಗಿದರು. ಮಡಿವಾಳೆಪ್ಪ ಫೋಟೋವನ್ನು ಅಂಗಿಯೊಳಗೆ ಇಟ್ಟುಕೊಂಡು ಹೋದ.

ಹದಿನೈದು ದಿನದ ಮೇಲೆ ಕ್ಷೌರದಂಗಡಿಯಲ್ಲಿ ಗಲ್ಲಕ್ಕೆ ಸಾಬೂನು ಹಚ್ಚಿಸಿಕೊಂಡು ಕುಳಿತಾಗ ಶಂಕ್ರಪ್ಪ ಉಳಿದದ್ದನ್ನು ಕೇಳಿದ. ಸಾಯುವ ಹಿಂದಿನ ದಿನ ರೇವವ್ವ ಸೊಸೆ ಕೊಟ್ಟ ಗಂಜಿ ಕುಡಿದಿದ್ದಳಂತೆ. ವಿಷ ಹಾಕಿದರೆ ಮುಖ ಕಪ್ಪಾಗುವುದಂತೆ. ಫೋಟೋದಲ್ಲಿ ಹಾಗೇ ಬಂದಿದೆಯಂತೆ, ಅಣ್ಣಿಗೇರಿಯ ಫೋಟೋದವನೇ ಹೇಳಿದ್ದಾನಂತೆ, ಇದ್ದ ಹಾಗೆ ಬಂದಿದೆ ಎಂದು. ಪೊಲೀಸರವರೆಗೆ ಹೋಗುವುದು ಮನೆತನಕ್ಕೆ ಚೆಂದವಲ್ಲವೆಂದು ಸೊಸೆಯನ್ನು ದುಮ್ಮವಾಡದ ತವರಿಗೆ ಕಳಿಸಿಬಿಟ್ಟರಂತೆ. ಶಂಕ್ರಪ್ಪನನ್ನು ಹೆದರಿಸಿದ್ದು ಇದಷ್ಟೇ ಅಲ್ಲ. ರೇವವ್ವನ ಮೈ ತೊಳೆದ ಹೆಂಗಸರು, ಕೈಯಾರೆ ವಿಭೂತಿ ಹಚ್ಚಿದವರು, ಈಗ ತುಟಿ ಕಪ್ಪಾಗಿದ್ದುದನ್ನು ಅವತ್ತೇ ಕಂಡಿದ್ದೆವು ಎನ್ನುತ್ತಿದ್ದರು. ಅವರು ಸುಳ್ಳು ಹೇಳುತ್ತಿರಲಿಲ್ಲ, ನಿಜವಾಗಿಯೂ ಹಾಗೆ ನೆನಪಾಗುತ್ತಿತ್ತು. ತಾನು ಮಾಡಿದ ಒಂದು ಅಂಗೈಯಗಲದ ಕಾಗದ ಒಂದು ಓಣಿಯ ಜನ ಕಣ್ಣಾರೆ ಕಂಡದ್ದನ್ನು ಅಳಿಸಿ ತನ್ನದನ್ನು ಬರೆದಿತ್ತು. ಅವತ್ತು ಸಾಬೂನು ಒರೆಸಿಕೊಂಡು ಎದ್ದು ಹೇಳಬಹುದಿತ್ತು. ಹೇಳಲಿಲ್ಲ. ಕ್ಯಾಮರಾ ರಿಪೇರಿಯಾಗಲಿ, ಏನು ಕೆಟ್ಟಿದೆ ಎಂದು ಗೊತ್ತಾದ ಮೇಲೆ ಹೇಳಿದರಾಯಿತು ಎಂದುಕೊಂಡ. ಹಾಗೆ ಅಂದುಕೊಳ್ಳುತ್ತ ಯುಗಾದಿಯೂ ಕಳೆದುಹೋಯಿತು.

"ಒಂದ ಕೆಲಸಾ ಮಾಡ್ರಿ," ಎಂದ ಬಸಣ್ಣ. "ಹೊರಗ ಹ್ವಾದಾಗ ನೀವು ಹೆಂಗ ಹೊಡೀತೀರೋ ಹಂಗ ಹೊಡದ ತೋರಸ್ರಿ, ನೋಡೂಣು."

ಶಂಕ್ರಪ್ಪ ಅಂಗಡಿಯ ಬಾಗಿಲಲ್ಲಿ, ಗಲ್ಲಿಯ ಬಿಸಿಲಿಗೆ ಬೆನ್ನು ಮಾಡಿ, ಮೂರು ಕಾಲಿನ ಸ್ಟ್ಯಾಂಡ್ ಹೂಡಿದ. ಒಳಗಿನ ಕತ್ತಲೆಯ ಕಪಾಟಿನ ಕಡೆ ಕ್ಯಾಮರಾ ತಿರುಗಿಸಿ, ಹಿಂದಿನ ಕಿಂಡಿಗೆ ಕಣ್ಣಿಟ್ಟು ಹೊಂದಿಸಿದ. ಒತ್ತುವ ವಾಯರನ್ನು ಸಿಕ್ಕಿಸಿದ. ಆಮೇಲೆ, ತನಗರಿವಿಲ್ಲದೆಯೇ, ನೆಟ್ಟಗಾಗಿ ಒಂದು ಹೆಜ್ಜೆ ಪಕ್ಕಕ್ಕೆ ಸರಿದು, ಮುಖವನ್ನು ಗಲ್ಲಿಯ ಕಡೆ ಹೊರಳಿಸಿ ವಾಯರ್ ಒತ್ತಿದ. ಕ್ಯಾಮರಾ ಚಿಕ್ ಎಂದಿತು.

ಬಸಣ್ಣ ಎದ್ದು ಬಂದು ಆ ಕಿಂಡಿಗೆ ತನ್ನ ಹೆಬ್ಬೆರಳು ಒತ್ತಿ ಹಿಡಿದ. "ಈಗ ಒತ್ತರಿ."

ಒಳಗಿನ ಪರದೆ ತೆರೆಯಿತು. ಒಂದು ಎಂದು ಎಣಿಸುವಷ್ಟು ಹೊತ್ತು ತೆರೆದೇ ಇದ್ದು ಟಕ್ ಎಂದು ಮುಚ್ಚಿತು. ಬೆರಳು ತೆಗೆದು ಒತ್ತಿದರೆ ಮತ್ತೆ ಚಿಕ್. ಬೆರಳಿಟ್ಟರೆ ಮತ್ತೆ ತಡ.

"ಕಿವಿಗೇ ಕೇಳಸ್ತಲ್ರಿ," ಎಂದ ಬಸಣ್ಣ. "ಹಿಂದಿನ ಕಿಂಡಿಯಿಂದನೂ ಬೆಳಕು ಒಳಗ ಹೋಗತೈತಿ. ನಿಮ್ಮ ಕಣ್ಣ ಅಲ್ಲಿದ್ರ ಅಡ್ಡ ಆಗತೈತಿ. ಬೆನ್ನಿಗೆ ಬಿಸಲ ಇಟಗೊಂಡು ಕಣ್ಣ ತಗದ್ರಿ, ಮುಗೀತು. ಅಷ್ಟೂ ಬೆಳಕು ಮುಂದಿಂದನ ಬಂದೈತಿ ಅಂತ ಮೀಟರ್ ತಿಳಕೋತೈತಿ, ಪಟ್ನ ಮುಚ್ಚತೈತಿ. ಮೋಡ ಇದ್ದ ದಿನ ಆಗಂಗಿಲ್ಲ, ಬಿಸಲ ಬಾಜೂಕಿದ್ರ ಆಗಂಗಿಲ್ಲ. ಅದಕ್ಕ ನಿಮಗ ಹುಚ್ಚ ಹಿಡದಂಗ ಕಾಣತೈತಿ. ಕ್ಯಾಮರಾ ಬೆಲ್ಟಿಗೆ ಒಂದು ಕರೇ ರಬ್ಬರಿನ ತುಣುಕು ಇರಬೇಕಾಗಿತ್ತಲ್ರಿ, ಈ ಕಿಂಡಿ ಮುಚ್ಚಾಕ?"

ಇತ್ತು. ಏನಕ್ಕೂ ಬಾರದ್ದೆಂದು ಶಂಕ್ರಪ್ಪ ಮೊದಲ ದಿನವೇ ಕತ್ತರಿಸಿ ಬಿಸಾಡಿದ್ದ.

"ಮದಿವ್ಯಾಗ ಕಣ್ಣಿಟ್ಟ ಹೊಡೀತೀರಿ, ಬರೋಬರಿ ಬರತಾವು. ಯಾವಾಗ ತಗೀತೀರಿ ಕಣ್ಣ?"

ಶಂಕ್ರಪ್ಪ ಸ್ಟ್ಯಾಂಡ್ ಮಡಚತೊಡಗಿದ. ಯಾವಾಗ ಎಂದು ಅವನಿಗೆ ಗೊತ್ತಿತ್ತು. ಮಸಿಯಾಗಿ ಬಂದ ಅಷ್ಟೂ ಫೋಟೋಗಳು ಒಂದರ ಹಿಂದೊಂದು ಕಣ್ಣ ಮುಂದೆ ಬಂದು ನಿಂತವು. ಎಲ್ಲವೂ ಸತ್ತವರ ಮನೆಯ ಫೋಟೋಗಳು.

ಗಲ್ಲಿಯಲ್ಲಿ ನಡೆಯುವಾಗ ಅವನಿಗೆ ಅವ್ವ ನೆನಪಾದಳು. ನೆನಪಾದಳು ಎನ್ನುವುದೂ ಸುಳ್ಳು, ಆಕೆ ಎಲ್ಲಿಗೂ ಹೋಗಿರಲಿಲ್ಲ. ಒಂಬತ್ತು ವರ್ಷದ ಹಿಂದೆ ಅವಳನ್ನೂ ಹೀಗೆಯೇ ಕೂರಿಸಿದ್ದರು. ಊರಲ್ಲಿ ಇದ್ದ ಫೋಟೋಗ್ರಾಫರ್ ಅವಳ ಮಗನೊಬ್ಬನೇ. ಬಂಧುಗಳು ಸಾಲಾಗಿ ನಿಂತಿದ್ದರು, ಹೊರುವವರು ಹೊತ್ತಾಯಿತೆಂದು ಗೊಣಗುತ್ತಿದ್ದರು, ಬಿಸಿಲು ಜಾರುತ್ತಿತ್ತು. ಕಿಂಡಿಯಲ್ಲಿ ನೋಡಿದರೆ ಅವ್ವನ ಎಡಗಣ್ಣಿನ ರೆಪ್ಪೆ ಜೋಳದ ಕಾಳಿನಷ್ಟು ತೆರೆದುಕೊಂಡಿತ್ತು. ಮಗನಾಗಿ ಹೋಗಿ ಮುಚ್ಚಬೇಕಾಗಿತ್ತು. ನಾಲ್ಕು ಹೆಜ್ಜೆ ಅಷ್ಟೇ. ಮುಚ್ಚಲು ಹೋದರೆ ಎಲ್ಲರೂ ಅಲುಗಾಡುತ್ತಾರೆ, ಹೊಂದಿಸಿದ್ದೆಲ್ಲ ಕೆಡುತ್ತದೆ ಎಂದು ಆ ಕ್ಷಣ ಫೋಟೋಗ್ರಾಫರನಿಗೆ ಅನ್ನಿಸಿತು, ಒತ್ತಿಬಿಟ್ಟ. ಆ ಫೋಟೋ ಈಗಲೂ ಅವನ ಪಡಸಾಲೆಯಲ್ಲಿದೆ. ಬೆಳಿಗ್ಗೆ ಅಂಗಿ ತೊಟ್ಟು ಹೊರಡುವಾಗ ಅವ್ವ ಆ ಸಂದಿಯಿಂದ ಮಗನನ್ನು ನೋಡುತ್ತಾಳೆ. ಅಂದಿನಿಂದ ಸತ್ತವರ ಮನೆಯಲ್ಲಿ ಒತ್ತುವ ಹೊತ್ತಿಗೆ ಅವನು ಮುಖ ತೆಗೆಯುತ್ತಾನೆ. ಮಾಳಿಗೆಯ ಮೇಲಿನ ಕಾಗೆಯನ್ನೋ, ದನದ ಕೊಟ್ಟಿಗೆಯನ್ನೋ ನೋಡುತ್ತಾನೆ. ಬಂಧುಗಳು ಅಲುಗಾಡದ ಹಾಗೆ ನಿಗಾ ಇಡಲು ಎಂದು ತನಗೆ ತಾನೇ ಹೇಳಿಕೊಂಡಿದ್ದ. ಹಳೆಯ ಕ್ಯಾಮರಾದಲ್ಲಿ ಬೆಳಕನ್ನು ಕೈಯಿಂದಲೇ ಹೊಂದಿಸಿಡುತ್ತಿದ್ದುದರಿಂದ ಅದು ಇದನ್ನೆಲ್ಲ ಹೊಟ್ಟೆಗೆ ಹಾಕಿಕೊಂಡಿತ್ತು. ಹೊಸದು ಹಾಕಿಕೊಳ್ಳಲಿಲ್ಲ. ತನ್ನ ಅಳುಕಿಗೆ ಇನ್ಯಾರದೋ ಮನೆಯ ಹೆಣ್ಣುಮಗಳು ಬೆಲೆ ತೆತ್ತಳಲ್ಲ ಎಂದು ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಬಸ್ ನಿಲ್ದಾಣದಲ್ಲಿ ಅಣ್ಣಿಗೇರಿಯ ಬಸ್ಸು ಎಂಜಿನ್ ಚಾಲೂ ಮಾಡಿಕೊಂಡು ನಿಂತಿತ್ತು. ಅದನ್ನು ಹತ್ತಿದ್ದರೆ ಮುಂದೆ ಶಲವಡಿಗೆ ಅರ್ಧ ತಾಸಿನ ದಾರಿ. ಅವನು ಕಲಘಟಗಿಯ ಕಡೆಯ ಬಸ್ಸು ಹತ್ತಿದ. ಅನ್ಯಾಯವಾದದ್ದು ಯಾರಿಗೋ ಅವರಿಗೆ ಮೊದಲು ಹೇಳುವುದೇ ನ್ಯಾಯ ಎಂದುಕೊಂಡ. ಕಿಟಕಿಯ ಬದಿ ಕುಳಿತು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಬಸ್ಸು ಊರು ದಾಟುವವರೆಗೂ ಅದನ್ನೇ ಅಂದುಕೊಂಡ. ಆಮೇಲೆ ನಿಜವಾದ ಕಾರಣವೂ ಮೆಲ್ಲಗೆ ಬಂದು ಪಕ್ಕದಲ್ಲಿ ಕುಳಿತಿತು. ತವರಿಗೆ ತಳ್ಳಿಸಿಕೊಂಡ ಒಬ್ಬ ಹೆಂಗಸಿನ ಎದುರು ತಪ್ಪೊಪ್ಪಿಕೊಳ್ಳುವುದು ಸುಲಭ. ಆಕೆ ಅಳಬಹುದು, ಬೈಯಬಹುದು, ಕೊನೆಗೆ ಹೋಗಲಿ ಬಿಡ್ರಿ ಎನ್ನಬಹುದು. ಶಲವಡಿಯ ಗಂಡಸರು ಹಾಗೆ ಅನ್ನುವವರಲ್ಲ. ಹೋಗಲಿ ಬಿಡ್ರಿ ಎಂಬ ಆ ಎರಡು ಮಾತನ್ನು ಅವನು ಈಗಾಗಲೇ ಆಕೆಯ ದನಿಯಲ್ಲಿ ಕೇಳಿಸಿಕೊಳ್ಳುತ್ತಿದ್ದ, ಆಕೆಯ ದನಿ ಹೇಗಿದೆಯೆಂದೇ ಅವನಿಗೆ ಗೊತ್ತಿರಲಿಲ್ಲ.

ದುಮ್ಮವಾಡದಲ್ಲಿ ಗುರವ್ವನ ಅಣ್ಣನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಹಂಚಿನ ಮನೆಯ ಮುಂದಿನ ನೆರಳಿನಲ್ಲಿ ನಾಲ್ಕೈದು ಹೆಂಗಸರು ಶಾವಿಗೆ ಹೊಸೆಯುತ್ತಿದ್ದರು. ಮಣೆಯಿಂದ ಇಳಿದ ಎಳೆಗಳನ್ನು ಕೋಲುಗಳ ಮೇಲೆ ಒಣಹಾಕಿದ್ದರು. ಗಂಡಸೊಬ್ಬ ಚೀಲ ಹೊತ್ತು ಬಂದು ನಿಂತ ಕೂಡಲೇ ಮಾತು ನಿಂತಿತು. ಗುರವ್ವ ಯಾರು ಎಂದು ಕೇಳಬೇಕಾಯಿತು. ಅದು ಅವನಿಗೆ ಮೊದಲ ಪೆಟ್ಟು. ಅವತ್ತು ಆ ಮನೆಯ ಅಷ್ಟೂ ಜನರನ್ನು ಸಾಲಾಗಿ ನಿಲ್ಲಿಸಿದವನು, ಆ ನೆಗೆಟಿವನ್ನು ಎಷ್ಟೋ ಸಲ ಬೆಳಕಿಗೆ ಹಿಡಿದು ನೋಡಿದವನು, ಆದರೂ ಇವಳು ಯಾರೆಂದು ತಿಳಿಯಲಿಲ್ಲ.

"ನಾನರಿ," ಎಂದು ಇಪ್ಪತ್ತೈದರ ಆಸುಪಾಸಿನ ಹೆಂಗಸೊಬ್ಬಳು ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡೇ ಎದ್ದಳು. "ನೀವು ಅಣ್ಣಿಗೇರಿ ಫೋಟೋದ ಅಣ್ಣಾರಲ್ರಿ?"

ಹೌದು ಎಂದ. ಆಮೇಲೆ ಬಸ್ಸಿನಲ್ಲಿ ಜೋಡಿಸಿಟ್ಟುಕೊಂಡ ಮಾತುಗಳೆಲ್ಲ ಕಲಸಿಹೋದವು. ಕಿಂಡಿ, ಬಿಸಿಲು, ರಬ್ಬರಿನ ತುಣುಕು, ಹುಬ್ಬಳ್ಳಿಯ ಬಸಣ್ಣ, ಎಲ್ಲವನ್ನೂ ಹಿಂದುಮುಂದಾಗಿ ಹೇಳಿದ. ನಿಮ್ಮ ಅತ್ತೆಯ ಮುಖ ಕಪ್ಪಾಗಿರಲಿಲ್ಲ ಎಂದು ಕೊನೆಗೆ ಹೇಳಿದ. ಮಣೆಯ ಮೇಲೆ ಕುಳಿತಿದ್ದ ಮುದುಕಿ ದುಂಡವ್ವ ಕೈ ನಿಲ್ಲಿಸಿ, "ಬೆಳಕು ಹೊಕ್ಕರ ಮಾರಿ ಬೆಳ್ಳಗಾಗಬೇಕಲ್ಲೋ ಯಪ್ಪಾ, ಕರ್ರಗ ಹೆಂಗಾತು?" ಎಂದಳು.

"ಬೆಳಕು ಬಾಳ ಐತಂತ ತಪ್ಪ ತಿಳಕೊಂಡು ಅದು ಲಗೂನ ಮುಚ್ಚಿಬಿಡತೈತವ್ವಾ. ಮಾರಿಗೆ ಬೇಕಾದಷ್ಟು ಬೆಳಕು ಸಿಗೂದಿಲ್ಲ."

ಗುರವ್ವ ಬೆರಳ ಸಂದಿಯ ಹಿಟ್ಟನ್ನು ಉಜ್ಜಿ ಉಜ್ಜಿ ತೆಗೆಯುತ್ತಿದ್ದಳು. ಆಕೆ ಅಳಲಿಲ್ಲ. ಶಂಕ್ರಪ್ಪನಿಗೆ ಆಕೆ ಅತ್ತಿದ್ದರೆ ಚೆನ್ನಾಗಿತ್ತು ಅನ್ನಿಸಿತು.

"ನೀವು ಆ ಕಡೆ ಮಾರಿ ತಿರುವಿದ್ದು ನಾ ನೋಡೀನ್ರಿ," ಎಂದಳು.

"ಎಲ್ಲಿಂದ ನೋಡಿದಿ ತಂಗೆವ್ವಾ? ನೀ ಫೋಟೋದಾಗ ಇಲ್ಲಲ್ಲ."

"ಖುರ್ಚಿ ಹಿಂದ ಇದ್ದೆ. ಧೋತರದ ಹಿಂದ. ಅತ್ತಿ ಕತ್ತು ವಾಲತಿತ್ತು, ಎಷ್ಟ ಹೂವಿನ ಹಾರಾ ಹಾಕಿದ್ರೂ ನಿಲ್ಲಲಿಲ್ಲ. ಯಾರರ ಹಿಂದ ಕುಂತು ಹಿಡೀರಿ ಅಂದ್ರು. ಯಾರೂ ಮುಂದ ಬರಲಿಲ್ಲ. ನಾ ಕುಂತೆ. ಹೆಡಕಿನ ಹಿಂದ ಎರಡೂ ಕೈ ಕೊಟ್ಟ ಹಿಡದಿದ್ದೆ. ಧೋತರದ ಸಂದ್ಯಾಗಿಂದ ನೀವು ಕಾಣತಿದ್ರಿ. ಮಾಳಗಿ ಕಡೆ ನೋಡಕೋತ ಒತ್ತಿದ್ರಿ. ಇವರ್ಯಾಕ ಅತ್ತೀನ ನೋಡವಲ್ರು ಅಂತ ಅನಕೊಂಡೆ. ಅದರಿಂದ ಏನರ ಆಗತೈತಿ ಅಂತ ನನಗೇನ ಗೊತ್ರಿ."

ಶಂಕ್ರಪ್ಪ ಚೀಲವನ್ನು ನೆಲಕ್ಕಿಟ್ಟ. ಒಂಬತ್ತು ವರ್ಷ ಯಾರೂ ಕಂಡಿಲ್ಲವೆಂದುಕೊಂಡು ಮಾಡುತ್ತಾ ಬಂದದ್ದನ್ನು ಒಬ್ಬಳು ಕಂಡಿದ್ದಳು, ಅವಳನ್ನೇ ಅದು ಮನೆ ಬಿಡಿಸಿತ್ತು. ಅತ್ತೆಯ ತಲೆಯನ್ನು ಕೈಯಲ್ಲಿ ಹಿಡಿದು ಕುಳಿತವಳ ಮೇಲೆ ಅತ್ತೆಗೆ ವಿಷ ಕೊಟ್ಟಳೆಂಬ ಮಾತು ಬಂದಿತ್ತು. "ತಪ್ಪಾತು ತಂಗೆವ್ವಾ," ಎಂದ.

"ನನಗ್ಯಾಕ ಹೇಳಾಕ ಬಂದ್ರಿ ಅಣ್ಣಾರ?" ಎಂದಳು ಗುರವ್ವ. ದನಿ ಏರಿರಲಿಲ್ಲ. "ನಾ ಏನೂ ಹಾಕಿಲ್ಲಂತ ನನಗ ಗೊತ್ತಿತ್ತಲ್ರಿ. ಇದನ್ನ ಕೇಳಬೇಕಾದವ್ರು ಇಲ್ಲಿಲ್ಲ."

"ಅಲ್ಲಿಗೂ ಹೋಗ್ತೇನಿ. ನಾಳೆ ನಾಡದಾಗ..."

"ನಾಳೆ ಯಾಕ್ರಿ? ಬಸ್ಸ ಐತಿ."

ಒಳಗೆ ಹೋಗಿ ಕೈ ತೊಳೆದು, ಬೇರೆ ಸೀರೆ ಉಟ್ಟು, ಕೈಯಲ್ಲಿ ಏನೂ ಹಿಡಿಯದೆ ಹೊರಗೆ ಬಂದಳು. ಅಣ್ಣ ಹೊಲದಿಂದ ಬಂದರೆ ತಿಳಿಸುವಂತೆ ದುಂಡವ್ವನಿಗೆ ಹೇಳಿದಳು. "ನಡೀರಿ, ಹೋಗೂಣು," ಎಂದಳು. ಕರೆದವಳು ಆಕೆ, ಹಿಂದೆ ಹೋದವನು ಅವನು.

ದಾರಿಯುದ್ದಕ್ಕೂ ಆಕೆ ಹೆಂಗಸರ ಸೀಟಿನಲ್ಲಿ ಕುಳಿತಿದ್ದಳು, ಅವನು ಹಿಂದೆ ಕಂಬಿ ಹಿಡಿದು ನಿಂತಿದ್ದ. ಹುಬ್ಬಳ್ಳಿಯಲ್ಲಿ ಇಳಿದು ಇನ್ನೊಂದು ಬಸ್ಸು, ಅಣ್ಣಿಗೇರಿಯಲ್ಲಿ ಮತ್ತೊಂದು. ಅಣ್ಣಿಗೇರಿಯ ನಿಲ್ದಾಣದಿಂದ ಅವನ ಸ್ಟುಡಿಯೋದ ಬೋರ್ಡು ಕಾಣುತ್ತಿತ್ತು. ಒಂದು ನಿಮಿಷ ಹೋಗಿ ಬೀಗ ನೋಡಿ ಬರುತ್ತೇನೆ ಎನ್ನಬೇಕೆನ್ನಿಸಿತು. ಹಾಗೆ ಹೋದರೆ ತಿರುಗಿ ಬರುತ್ತೇನೋ ಇಲ್ಲವೋ ಎಂದು ತನಗೇ ಖಾತ್ರಿಯಿರಲಿಲ್ಲ, ಹೋಗಲಿಲ್ಲ. ನಾಳೆಯಿಂದ ಯಾರೂ ಸತ್ತವರ ಮನೆಗೆ ತನ್ನನ್ನು ಕರೆಯಲಿಕ್ಕಿಲ್ಲ, ಮದುವೆಗೂ ಕರೆಯಲಿಕ್ಕಿಲ್ಲ. ಫೋಟೋದವನು ಸುಳ್ಳು ಹೇಳಿ ಒಂದು ಸಂಸಾರ ಮುರಿದ ಎಂಬ ಮಾತು ಮೊರಬಕ್ಕೆ ಮುಟ್ಟಲು ಒಂದು ಸಂತೆ ಸಾಕು. ಶಲವಡಿಯ ಬಸ್ಸಿನಲ್ಲಿ ಕಿಟಕಿಯಾಚೆ ಬೆಳೆ ತೆಗೆದ ಎರೆಹೊಲ ಬಿರುಕುಬಿಟ್ಟು ಬಿದ್ದಿತ್ತು. ಎಲ್ಲಾದರೂ ಒಂದು ಗಿಡ ಕಂಡರೆ ಅದು ಮರೆಯಾಗುವವರೆಗೆ ಅವನು ಅದನ್ನೇ ನೋಡುತ್ತಿದ್ದ.

ಮಡಿವಾಳೆಪ್ಪ ಮನೆಯ ಕಟ್ಟೆಯ ಮೇಲೆ ಹಗ್ಗ ಹೊಸೆಯುತ್ತಿದ್ದ. ಹೆಂಡತಿಯನ್ನು ಕಂಡು ಹಗ್ಗ ಕೈಯಿಂದ ಜಾರಿತು, ಎದ್ದು ನಿಂತ, ಏನು ಮಾಡಬೇಕೆಂದು ತಿಳಿಯದೆ ಶಂಕ್ರಪ್ಪನಿಗೆ "ಬರ್ರಿ" ಎಂದ. ಗುರವ್ವ ಅಂಗಳದಲ್ಲೇ ನಿಂತಳು. "ಓಣ್ಯಾಗಿನವ್ರನ್ನ ಕರೀರಿ," ಎಂದಳು ಗಂಡನಿಗೆ. "ಅವತ್ತ ಎಲ್ಲಾರೂ ಇದ್ರಲ್ಲ." ಕರೆಯುವ ಅಗತ್ಯವೇ ಬೀಳಲಿಲ್ಲ. ಆಕೆ ಓಣಿ ಹೊಕ್ಕಾಗಲೇ ಒಬ್ಬೊಬ್ಬರು ಹಿಂದೆ ಬಂದು ಕೂಡಿದ್ದರು.

ಶಂಕ್ರಪ್ಪ ಅವತ್ತು ನಿಂತ ಜಾಗದಲ್ಲೇ ಸ್ಟ್ಯಾಂಡ್ ಹೂಡಿದ. ಇಳಿಬಿಸಿಲು ಅವನ ಬೆನ್ನಿಗಿತ್ತು, ಎದುರಿಗೆ ಪಡಸಾಲೆಯ ಕತ್ತಲೆ, ಅದರೊಳಗೆ ಗೋಡೆಯ ಮೇಲೆ ಹಾರ ಹಾಕಿದ ರೇವವ್ವ. ಇಷ್ಟು ದೂರಕ್ಕೂ ಆ ಮುಖದ ಕಪ್ಪು ಕಾಣುತ್ತಿತ್ತು. ಕಿವಿಗೊಟ್ಟು ಕೇಳಿ ಎಂದು ಹೇಳಿ ಒತ್ತಿದ. ಚಿಕ್. ಕಿಂಡಿಗೆ ಹೆಬ್ಬೆರಳಿಟ್ಟು ಮತ್ತೆ ಒತ್ತಿದ. ತೆರೆಯಿತು, ನಿಂತಿತು, ಮುಚ್ಚಿತು. ಜನ ಗುಸುಗುಸು ನಿಲ್ಲಿಸಿದರು. ಮಡಿವಾಳೆಪ್ಪ ಮುಂದೆ ಬಂದು ತನ್ನ ಹೆಬ್ಬೆರಳನ್ನೇ ಅಲ್ಲಿಟ್ಟ. ಇಟ್ಟು ಕೇಳಿದ, ತೆಗೆದು ಕೇಳಿದ, ಮತ್ತೆ ಇಟ್ಟು ಕೇಳಿದ. ಐದಾರು ಸಲ ಕೇಳಿದ ಮೇಲೆ ಅವನ ಮುಖ ಇಳಿದುಹೋಯಿತು.

"ಹಂಗಾರ ಅವತ್ತ ನಾ ಕೇಳಿದಾಗ ಯಾಕ ಹೇಳಲಿಲ್ರಿ?"

"ಅವತ್ತ ನನಗ ಗೊತ್ತಿರಲಿಲ್ಲ," ಎಂದು ಶಂಕ್ರಪ್ಪನ ಬಾಯಿಗೆ ಬಂದಿತ್ತು. ಅದು ಪೂರ್ತಿ ಸುಳ್ಳೂ ಆಗುತ್ತಿರಲಿಲ್ಲ. ಗುರವ್ವ ಅವನನ್ನೇ ನೋಡುತ್ತಿದ್ದಳು. "ಫೋಟೋ ಕೆಟ್ಟೈತಿ ಅಂತ ಗೊತ್ತಿತ್ತು. ಮೊರಬದವ್ರು ಕುಂತಿದ್ರು. ಅವರ ಮುಂದ ಮಾನ ಹೋಗತೈತಿ ಅಂತ ಸುಳ್ಳ ಹೇಳಿದೆ. ನಿಮ್ಮವ್ವನ ಮಾರಿ ಚೊಲೊ ಇತ್ತು. ನಾ ಕೆಡಿಸಿದೆ."

ಹೇಳಿಯಾಯಿತು. ಮೂರು ತಿಂಗಳು ಎದೆಯ ಮೇಲಿದ್ದದ್ದು ನಾಲ್ಕು ಮಾತಿನಲ್ಲಿ ಮುಗಿದೇ ಹೋಯಿತು. ಯಾರಾದರೂ ಕೊರಳಪಟ್ಟಿ ಹಿಡಿಯುತ್ತಾರೆಂದು ಕಾದು ನಿಂತ. ಯಾರೂ ಹಿಡಿಯಲಿಲ್ಲ. ಹಿರಿಯನೊಬ್ಬ "ಮಿಶಿನ್ ಮಾಡಿದ್ದಕ್ಕ ಅವರರ ಏನ ಮಾಡ್ಯಾರು ಬಿಡಪಾ" ಎಂದ. ತುಟಿ ಕಪ್ಪಾಗಿದ್ದುದನ್ನು ಕಂಡಿದ್ದೆವು ಎಂದಿದ್ದ ಹೆಂಗಸರು, ನಾವು ಅವತ್ತೇ ಅಂದಿದ್ದೆವು, ರೇವವ್ವನ ಮುಖ ಎಷ್ಟು ಕಳೆಕಳೆಯಾಗಿತ್ತು ಎಂದು ಒಬ್ಬರಿಗೊಬ್ಬರು ಹೇಳತೊಡಗಿದ್ದರು. ಎಲ್ಲವೂ ಇಷ್ಟು ಸಲೀಸಾಗಿ ಸರಿಹೋಗುತ್ತಿರುವುದನ್ನು ಕಂಡು ಶಂಕ್ರಪ್ಪನಿಗೆ ಒಂದು ಕ್ಷಣ ಹಗುರವಾಯಿತು. ಆಮೇಲೆ, ಕಣ್ಣಾರೆ ಕಂಡದ್ದನ್ನು ಜನ ಇಷ್ಟು ಬೇಗ ಬದಲಿಸಿಕೊಳ್ಳುವುದನ್ನು ನೋಡಿ ಭಯವಾಯಿತು.

ಮಡಿವಾಳೆಪ್ಪ ಕೆಳಗೆ ಬಿದ್ದ ಹಗ್ಗ ಎತ್ತಿಕೊಂಡು ಸುತ್ತುತ್ತ, "ಹೋಗಲಿ ಬಿಡ್ರಿ. ಆದಷ್ಟ ಸುಧಾರಿಸಿ ಇನ್ನೊಂದು ಪ್ರತಿ ಮಾಡಿ ಕೊಡ್ರಿ," ಎಂದ. ಆಮೇಲೆ ಹಗ್ಗದ ಕಡೆಯೇ ನೋಡುತ್ತ ಹೆಂಡತಿಗೆ, "ಒಳಗ ನಡಿ. ಕೈಕಾಲ ತೊಳಕೊ," ಎಂದ.

ಗುರವ್ವ ಕದಲಲಿಲ್ಲ.

"ಆರು ವರ್ಷ ನಿಮ್ಮ ಜೋಡಿ ಬಾಳೇ ಮಾಡೀನ್ರಿ," ಎಂದಳು. "ಅತ್ತೀ ಗಂಜಿ ನಾನ ಕಾಸಿದ್ದು ಆರು ವರ್ಷ. ಹೊರಗ ಹಾಕಾಕ ನಿಮಗ ಒಂದು ಫೋಟೋ ಸಾಕಾತು. ಈಗ ಒಳಗ ಕರ್ಯಾಕ ಈ ಅಣ್ಣಾರು ಬಂದು ಚಿಕ್ ಅನಿಸಬೇಕಾತು. ನನ್ನ ಒಂದ ಮಾತ ಕೇಳಿದ್ರೇನ್ರಿ ನೀವು, ನೀ ಹಾಕಿದೇನು ಅಂತ?"

ಮಡಿವಾಳೆಪ್ಪನ ಕೈಯಲ್ಲಿ ಹಗ್ಗದ ಸುತ್ತು ನಿಂತಿತ್ತು.

"ಕೇಳಿದ್ರ ಹೇಳತಿದ್ದೆ," ಎಂದಳು. ಸೆರಗಿನಿಂದ ಬಾಯಿ ಒರೆಸಿಕೊಂಡು, ಹೊಸಿಲ ಕಡೆ ಹೋಗದೆ, ಕಟ್ಟೆಯ ತುದಿಯಲ್ಲಿ, ಗಂಡನಿಂದ ಎರಡು ಮಾರು ದೂರದಲ್ಲಿ ಕುಳಿತಳು. ಮಡಿವಾಳೆಪ್ಪ ಒಮ್ಮೆ ಬಾಯಿ ತೆರೆದ, ಓಣಿಯ ಜನರ ಕಡೆ ನೋಡಿದ, ಮುಚ್ಚಿದ. ಆಕೆಯನ್ನು ಅವತ್ತೇ ಕೇಳಬೇಕಾಗಿದ್ದ ಆ ಒಂದು ಮಾತು ಅವನ ನಾಲಿಗೆಯ ತುದಿಯಲ್ಲಿತ್ತು, ಅದನ್ನು ಇಷ್ಟು ಜನರ ಮುಂದೆ ಆಡುವುದು ಹೇಗೆಂದು ಅವನಿಗೆ ತಿಳಿಯುತ್ತಿರಲಿಲ್ಲ. ಅದು ಎಂಥ ಕಷ್ಟವೆಂದು ಆ ಅಂಗಳದಲ್ಲಿ ಶಂಕ್ರಪ್ಪನಿಗಷ್ಟೇ ಗೊತ್ತಿತ್ತು. ಆಡಿಬಿಡು ಎಂದು ಹೇಳಬೇಕೆನ್ನಿಸಿತು. ಹೇಳುವ ಯೋಗ್ಯತೆ ತನಗಿಲ್ಲವೆಂದೂ ಅನ್ನಿಸಿತು. ಕ್ಯಾಮರಾ ಬಿಚ್ಚಿ ಚೀಲಕ್ಕಿಟ್ಟುಕೊಂಡ. ಹೋಗು ಎಂದು ಯಾರೂ ಹೇಳಲಿಲ್ಲ, ಕೂರು ಎಂದೂ ಹೇಳಲಿಲ್ಲ. ಜನ ಒಬ್ಬೊಬ್ಬರಾಗಿ ಚದುರಿದರು, ದನಗಳು ಮನೆಗೆ ಬರುವ ಹೊತ್ತಾಯಿತು, ಕಡೆಯ ಬಸ್ಸು ಊರ ಹೊರಗೆ ಹಾರ್ನ್ ಹೊಡೆದು ಹೋಯಿತು. ಶಂಕ್ರಪ್ಪ ಅಂಗಳದ ಅಂಚಿನಲ್ಲಿ ಚೀಲ ಹಿಡಿದು ನಿಂತೇ ಇದ್ದ. ಗುರವ್ವ ಹಾಗೇ ಕುಳಿತಿದ್ದಳು. ಆ ಒಂದು ಮಾತನ್ನು ಮಡಿವಾಳೆಪ್ಪ ಇನ್ನೂ ಆಕೆಯನ್ನು ಕೇಳಿರಲಿಲ್ಲ.